ಮಳೆಯಲ್ಲಿ ಕಂಡ ಕವಲೇದುರ್ಗ

ಹತ್ತನೆಯ ತರಗತಿಯ ನಮ್ಮನ್ನು ಕವಲೇದುರ್ಗಕ್ಕೆ ಕರೆದೊಯ್ಯುವುದಾಗಿ ಸಮಾಜ ವಿಜ್ಞಾನದ ಮೇಷ್ಟ್ರು ಹೇಳಿದಾಗ ಆಷಾಢದ ಮಳೆ ಎಡೆಬಿಡದೆ ಹೊಯ್ಯುತ್ತಿತ್ತು. ಚಾರಣವನ್ನು ಡಿಸೆಂಬರಿಗೆ ಮುಂದೂಡಿರೆಂದು ಕೆಲವು ಪೋಷಕರು ಶಾಲೆಗೇ ಬಂದು ಕೇಳಿಕೊಂಡರು. ಮೇಷ್ಟ್ರು ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಕೋಟೆಯ ಗೋಡೆಯನ್ನು ಯಾವ ಕಾಲದಲ್ಲಾದರೂ ನೋಡಬಹುದು, ಕೋಟೆಯೊಳಗಿನ ನೀರಿನ ದಾರಿಯನ್ನು ನೋಡಬೇಕಾದರೆ ಮಳೆಗಾಲದಲ್ಲೇ ಹತ್ತಬೇಕು ಎಂದು ಸಮಾಧಾನದಿಂದ ಹೇಳಿದರು. ನಮಗೆ ಕೊಟ್ಟ ಸೂಚನೆ, ಪೆನ್ನು ತರಬಾರದು, ಪೆನ್ಸಿಲ್ ತರಬೇಕು ಎಂಬುದೊಂದೇ. ಅದರ ಕಾರಣ ಬೆಟ್ಟದ ಮೇಲೆ ತಿಳಿಯಿತು.

ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿರುವ ಆ ದುರ್ಗದ ಬುಡಕ್ಕೆ ನಾವು ತಲುಪುವಷ್ಟರಲ್ಲಿ ಮೈಮೇಲೆ ಒಣಗಿದ ಎಳೆಯೊಂದೂ ಉಳಿದಿರಲಿಲ್ಲ. ಕಾಲುದಾರಿ ಮೊದಲು ಗದ್ದೆಗಳ ಅಂಚಿನಲ್ಲೇ ಸಾಗುತ್ತದೆ. ಅಂದು ನಾಟಿ ನಡೆಯುತ್ತಿತ್ತು. ಗೊರಬು ಹೊದ್ದು ಬಾಗಿದ್ದ ಹೆಂಗಸರು ತಲೆಯೆತ್ತಿ ನಮ್ಮ ಸಾಲನ್ನು ನೋಡಿ, ಉಂಬಳಕ್ಕೆ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಗೆ, ಉಪ್ಪು ತಂದಿದ್ದೀರಾ ಎಂದು ಕೇಳಿದರು. ಉಪ್ಪಿನ ಪೊಟ್ಟಣ ಬಸ್ಸಿನಲ್ಲೇ ನೀರಾಗಿತ್ತು. ಅವರಲ್ಲೊಬ್ಬರು ತಮ್ಮ ಎಲೆಯಡಿಕೆಯ ಚೀಲದಿಂದ ಹೊಗೆಸೊಪ್ಪಿನ ಚೂರು ತೆಗೆದುಕೊಟ್ಟರು. ಅದನ್ನು ನೆನೆಸಿ ಕಾಲಿಗೆ ತಿಕ್ಕಿಕೊಂಡವರ ಬಳಿಗೆ ಉಂಬಳ ಅಷ್ಟಾಗಿ ಸುಳಿಯಲಿಲ್ಲ ಎಂಬುದನ್ನು ಆ ಅಮ್ಮನ ಋಣವೆಂದೇ ಇಲ್ಲಿ ದಾಖಲಿಸುತ್ತಿದ್ದೇನೆ.

ಗದ್ದೆ ಮುಗಿದು ಕಾಡು ಹಿಡಿದ ಮೇಲೆ ಕಲ್ಲು ಹಾಸಿದ ದಾರಿ ಶುರುವಾಗುತ್ತದೆ. ಕೋಟೆಗೆ ಮೂರು ಸುತ್ತು. ಗುಡ್ಡದ ಏರುತಗ್ಗುಗಳನ್ನೇ ಅನುಸರಿಸಿ ಎದ್ದ ಗೋಡೆಗಳ ಭಾರೀ ಕಲ್ಲುಗಳು ಪಾಚಿಯಿಂದ ಕಪ್ಪು ಹಸಿರಾಗಿ ಹೊಳೆಯುತ್ತಿದ್ದವು. ಹೆಬ್ಬಾಗಿಲಿನ ಎರಡೂ ಬದಿಯ ಕಾವಲುಕೋಣೆಗಳಲ್ಲಿ ನಾವು ಮಳೆಗೆ ಮುದುರಿ ನಿಂತಾಗ ಮೇಷ್ಟ್ರು ಪಾಠ ಆರಂಭಿಸಿದರು. ಕೆಳದಿ, ಇಕ್ಕೇರಿ, ಬಿದನೂರು ಎಂದು ರಾಜಧಾನಿಯನ್ನು ಬದಲಿಸುತ್ತ ಬಂದ ನಾಯಕರಿಗೆ ಈ ದುರ್ಗ ಎಷ್ಟು ಮುಖ್ಯವಾಗಿತ್ತು, ಇದಕ್ಕೆ ಭುವನಗಿರಿ ಎಂಬ ಹೆಸರೂ ಇದ್ದದ್ದು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಕೆಳದಿಯ ರಾಣಿ ಚೆನ್ನಮ್ಮಾಜಿ ಔರಂಗಜೇಬನ ಸೈನ್ಯವನ್ನು ಎದುರಿಸಿದ್ದು, 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿದ್ದು, ಇವೆಲ್ಲ ಪಠ್ಯಪುಸ್ತಕದಲ್ಲಿ ಓದಿದಾಗ ಅಂಕಗಳಿಗಾಗಿ ನೆನಪಿಡಬೇಕಾದ ಇಸವಿಗಳಷ್ಟೇ ಆಗಿದ್ದವು. ಆ ಕೋಣೆಯ ತಣ್ಣನೆಯ ಗೋಡೆಗೆ ಬೆನ್ನು ಕೊಟ್ಟು, ಇದೇ ಜಾಗದಲ್ಲಿ ಇಂಥದೇ ಮಳೆಯಲ್ಲಿ ರಾತ್ರಿಯಿಡೀ ಎಚ್ಚರವಾಗಿ ಕುಳಿತಿದ್ದ ಕಾವಲುಗಾರನನ್ನು ನಾನು ಮೊದಲ ಸಲ ಕಲ್ಪಿಸಿಕೊಂಡೆ.

ಕಾಶಿ ವಿಶ್ವನಾಥ ದೇವಾಲಯವನ್ನು ದಾಟಿ ಅರಮನೆಯ ನಿವೇಶನಕ್ಕೆ ಬಂದೆವು. ಮೇಲ್ಛಾವಣಿ ಇಲ್ಲ, ಗೋಡೆಗಳಿಲ್ಲ. ಉಳಿದಿರುವುದು ಜಗಲಿಗಳು, ಕಂಬದ ಬುಡಗಳು, ಅಡುಗೆಮನೆಯ ಕಲ್ಲಿನ ಒಲೆ. ಐದು ಕಡೆಗೆ ಬಾಯಿರುವ ಆ ಒಲೆಯೊಳಗೆ ಮಳೆನೀರು ನಿಂತು, ಅದರಲ್ಲೊಂದು ಪುಟ್ಟ ಕಪ್ಪೆ ಕಣ್ಣು ಮಾತ್ರ ಹೊರಗಿಟ್ಟು ಕುಳಿತಿತ್ತು.

ಮೇಷ್ಟ್ರು ಮುತ್ತುಗದ ಎಲೆಯೊಂದನ್ನು ಜಗಲಿಯ ಪಕ್ಕದಲ್ಲಿ ಹರಿಯುತ್ತಿದ್ದ ನೀರಿಗೆ ಬಿಟ್ಟು, ಇದರ ಹಿಂದೆ ಹೋಗಿ, ಹೋದ ದಾರಿಯನ್ನು ಬರೆದುಕೊಳ್ಳಿ ಎಂದರು. ನಲವತ್ತು ಜನ ಒಂದು ಎಲೆಯ ಹಿಂದೆ ಬಾಗಿ ನಡೆದೆವು. ಅಂಗಳದ ಓರೆಯನ್ನು ಹಿಡಿದು, ಎರಡು ಚಪ್ಪಡಿಗಳ ನಡುವಿನ ಸಂದಿಗೆ ಇಳಿದು, ಒಂದು ಮೂಲೆಯಲ್ಲಿ ಉದುರಿ ಕೊಳೆತ ಎಲೆಗಳ ದರಗಿಗೆ ಸಿಕ್ಕಿಕೊಂಡಿತು. ನನ್ನ ಗೆಳತಿ ಬೆರಳಿನಿಂದ ದರಗು ಸರಿಸಿದ್ದೇ ತಡ, ಹಿಂದೆ ಕಟ್ಟಿದ್ದ ನೀರು ಒಮ್ಮೆಗೇ ನುಗ್ಗಿ ಎಲೆಯನ್ನು ಮೆಟ್ಟಿಲುಗಳಿದ್ದ ಕೊಳದ ಕಡೆಗೆ ತಳ್ಳಿಕೊಂಡು ಹೋಯಿತು. ಎಲೆ ಕೊಳಕ್ಕೆ ಬಿದ್ದಾಗ ನಾವೆಲ್ಲ ಕೂಗಿದ ಕೂಗು ಈಗಲೂ ಕಿವಿಯಲ್ಲಿದೆ. ಬೆಟ್ಟದ ನೆತ್ತಿಯಲ್ಲಿ ಬದುಕಿದ ಜನ ನೀರನ್ನು ಹೇಗೆ ಕಾಪಾಡಿಕೊಂಡಿದ್ದರೆಂದು ಯಾರೂ ವಿವರಿಸಬೇಕಾಗಲಿಲ್ಲ.

ಶಿಖರದ ಗುಡಿಯವರೆಗೂ ಹತ್ತಿದೆವಾದರೂ ಅಲ್ಲಿಂದ ಕಾಣುವ ವಾರಾಹಿಯ ಹಿನ್ನೀರನ್ನು ಮಂಜು ಪೂರ್ತಿ ಮುಚ್ಚಿತ್ತು. ಇಳಿಯುವಾಗ ಸಹಪಾಠಿಯೊಬ್ಬ ಜಾರಿ ಮೊಣಕಾಲು ಕೆತ್ತಿಸಿಕೊಂಡ. ಮೇಷ್ಟ್ರು ತಮ್ಮ ಪಂಚೆಯ ಅಂಚನ್ನೇ ಹರಿದು ಕಟ್ಟಿ, ಬಸ್ಸಿನವರೆಗೂ ಅವನ ಕೈ ಬಿಡಲಿಲ್ಲ.

ಮಾರನೆಯ ದಿನ ನಾನು ಒಪ್ಪಿಸಿದ ನೋಟ್‌ಬುಕ್ಕಿನ ಹಾಳೆಗಳು ಉಬ್ಬಿ ಸುಕ್ಕಾಗಿದ್ದವು. ಮೊದಲೇ ಶಾಯಿಯಲ್ಲಿ ಬರೆದಿದ್ದ ನನ್ನ ಹೆಸರು ನೀಲಿ ಕಲೆಯಾಗಿ ಹರಡಿಹೋಗಿತ್ತು. ಪೆನ್ಸಿಲಿನಲ್ಲಿ ಬರೆದ ಎಲೆಯ ದಾರಿ ಒಂದು ಗೆರೆಯೂ ಅಳಿಯದೆ ಉಳಿದಿತ್ತು. ಆ ಗೆರೆ ಕೊಳದಲ್ಲಿ ನಿಂತಿತ್ತು. ಮೇಷ್ಟ್ರು ಅಂಕ ಹಾಕಿರಲಿಲ್ಲ. ಕೊಳದ ಆಚೆ ಬದಿಯಿಂದ ಪುಟ್ಟದೊಂದು ಬಾಣದ ಗುರುತು ಎಳೆದು, ಅದರ ಪಕ್ಕದಲ್ಲಿ ತಮ್ಮ ದುಂಡನೆಯ ಅಕ್ಷರಗಳಲ್ಲಿ, ಕೊಳ ತುಂಬಿದ ಮೇಲೆ ನೀರು ಎಲ್ಲಿಗೆ ಹೋಗುತ್ತಿತ್ತು, ಎಂದು ಬರೆದಿದ್ದರು.