ದೇವರನ್ನು ಮತಕ್ಕೆ ಹಾಕಿದ ದಿನ: ನಮ್ಮ ನಾಟಕ ಎಲ್ಲಿಗೆ ಬಂತು

ಜೂನ್ ಕೊನೆ

ಸ್ಕ್ರಿಪ್ಟಿನ ಮೊದಲ ಕರಡು ಮುಗಿಯಿತು. ನಾಪೋಕ್ಲು ಸುತ್ತಮುತ್ತ ಹವ್ಯಾಸಕ್ಕೆ ನಾಟಕ ಆಡುವ ನಾವೊಂದಷ್ಟು ಜನ ಈ ಸಲ ಕೈಗೆತ್ತಿಕೊಂಡಿರುವುದು 1949ರ ಅಕ್ಟೋಬರ್ 17ರ ಸಂವಿಧಾನ ರಚನಾ ಸಭೆಯ ಚರ್ಚೆಯನ್ನು. ಅವತ್ತು ಸಭೆಯ ಮುಂದಿದ್ದದ್ದು ಸಂವಿಧಾನದ ಪ್ರಸ್ತಾವನೆ. 'ಭಾರತದ ಜನರಾದ ನಾವು' ಎನ್ನುವ ಮೊದಲು 'ದೇವರ ಹೆಸರಿನಲ್ಲಿ' ಎಂದು ಸೇರಿಸಿ ಅಂತ ಎಚ್.ವಿ. ಕಾಮತ್ ತಿದ್ದುಪಡಿ ತಂದರು. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ನೌಕರಿ ಬಿಟ್ಟು ಸುಭಾಷ್ ಬೋಸರ ಜೊತೆ ಸೇರಿದವರು. ನಾಯಕ ಅವರೇ. ಸೋಲುವ ನಾಯಕ, ಆದ್ದರಿಂದ ಪಾತ್ರಕ್ಕೆ ಪೈಪೋಟಿ ಜೋರಾಗಿತ್ತು.

ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಎಂದ ಸುಪ್ರೀಂ ಕೋರ್ಟಿನ 1994ರ ಬೊಮ್ಮಾಯಿ ತೀರ್ಪನ್ನೂ ಸೇರಿಸಿ ದೊಡ್ಡದು ಮಾಡೋಣ ಅಂತ ಕೆಲವರ ಒತ್ತಾಯ. ಒಂಬತ್ತು ನ್ಯಾಯಾಧೀಶರ ಪೀಠ ಅದು. ಒಂಬತ್ತು ಕಪ್ಪು ಕೋಟು ಎಲ್ಲಿಂದ ತರೋಣ? ಅಲ್ಲಿಗೆ ಆ ಮಾತು ಮುಗಿಯಿತು.

ಕಕ್ಕಡದ ಮಳೆಯಲ್ಲಿ

ಕರೆಂಟ್ ಇಲ್ಲ. ಎಮರ್ಜೆನ್ಸಿ ಲ್ಯಾಂಪ್ ಇಟ್ಟುಕೊಂಡೇ ತಾಲೀಮು. ಹೆಂಚಿನ ಮೇಲೆ ಬೀಳುವ ಮಳೆಗೆ ಯಾರ ಮಾತೂ ಕೇಳದೆ, ಎಲ್ಲರ ದನಿಯೂ ಗಟ್ಟಿಯಾಗಿದೆ. ಅದೊಂದು ಲಾಭ.

ತೊಡಕಾದದ್ದು 'ಬೇಡ' ಎಂದವರ ಪಾತ್ರಗಳಲ್ಲಿ. ಹೃದಯನಾಥ ಕುಂಜ್ರೂ ಪಾತ್ರ ಮಾಡುವ ಎಸ್ಟೇಟ್ ರೈಟರ್ ತುಟಿ ಕೊಂಕಿಸಿ, ಮೂಢನಂಬಿಕೆ ವಿರೋಧಿ ಭಾಷಣದ ಧಾಟಿ ಹಿಡಿದರು. ನಡಾವಳಿಯಲ್ಲಿ ಆ ಕೊಂಕು ಇಲ್ಲವೇ ಇಲ್ಲ. ಇಷ್ಟು ಪವಿತ್ರವಾದ, ಒಳಗಿನ ವಿಷಯವನ್ನು ಚರ್ಚೆಯ ಕಣಕ್ಕೆ ಎಳೆದು ತಂದರಲ್ಲ ಎಂದು ಕುಂಜ್ರೂ ನೊಂದುಕೊಳ್ಳುತ್ತಾರೆ. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೈ, ತಾನು ನಂಬುವವನೇ, ಆದರೆ ಇದು ನಂಬದವನ ಮೇಲೆ ಬಲವಂತವಾಗುತ್ತದೆ ಎನ್ನುತ್ತಾರೆ. ದೇವರ ಮೇಲೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಕೇಳಿಕೊಳ್ಳುವವರು ಪೂರ್ಣಿಮಾ ಬ್ಯಾನರ್ಜಿ. ನಾಸ್ತಿಕರು ಆಸ್ತಿಕರನ್ನು ಸೋಲಿಸಿದ ಕಥೆ ಅಂತ ಇದನ್ನು ಆಡಿದರೆ ನಾಟಕವೇ ಸುಳ್ಳಾಗುತ್ತದೆ. ಜಗಳ ನಡೆದದ್ದು ದೇವರನ್ನು ನಂಬುವವರ ನಡುವೆಯೇ.

ದಾರಿ ತೋರಿಸಿದ್ದು ತಾಣು ಪಿಳ್ಳೈ ಪಾತ್ರದ ನಮ್ಮ ಹಿರಿಯರು. ಪಾಡಿ ಇಗ್ಗುತಪ್ಪನಿಗೆ ನಡೆದುಕೊಳ್ಳುವ ಮನೆತನದವರು. "ನೋಡಿ ಮೇಷ್ಟ್ರೇ, ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ನೆಲ್ಲಕ್ಕಿ ನಡುಬಾಡೆ ಅನ್ನುವ ನಡುಮನೆಯಲ್ಲಿ ತೂಗುವ ದೀಪವನ್ನು ಸಂತೆಗೆ ಹೊತ್ತುಕೊಂಡು ಹೋದರೆ ದೊಡ್ಡವರು ಹೇಗೆ ಗದರುತ್ತಾರೆ, ಹಾಗೆ ಹೇಳಬೇಕು ಇದನ್ನು" ಅಂದವರೇ ಹೇಳಿ ತೋರಿಸಿದರು. ರೈಟರ್ ತುಟಿ ಆಮೇಲೆ ಕೊಂಕಲಿಲ್ಲ.

ನಗೆಗೆ ಅಂತ ನಾನು ಇಟ್ಟುಕೊಂಡಿದ್ದದ್ದು ಅಸ್ಸಾಮಿನ ರೋಹಿಣಿ ಕುಮಾರ್ ಚೌಧರಿಯವರ ಮಾತು. ದೇವರ ಹೆಸರು ಬರುವುದಾದರೆ ದೇವಿಯ ಹೆಸರೂ ಬರಲಿ, ಶಕ್ತಿಯ ಆರಾಧಕರಾದ ನಮ್ಮನ್ನು ಬಿಟ್ಟರೆ ಹೇಗೆ ಎಂಬ ತಿದ್ದುಪಡಿ ಅವರದ್ದು. ತಾಲೀಮಿನಲ್ಲಿ ಒಬ್ಬರೂ ನಗಲಿಲ್ಲ. "ಸರಿಯಾಗಿಯೇ ಕೇಳಿದ್ದಾರಲ್ಲ" ಅಂದರು ಬ್ಯಾನರ್ಜಿ ಪಾತ್ರದ ಅಕ್ಕ. ಕಾವೇರಮ್ಮೆಯ ನಾಡಿನಲ್ಲಿ ಇದನ್ನು ಯಾರು ತಮಾಷೆ ಎಂದಾರು? ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣ ಬೀಳುವುದೂ ಸಾಮಾನ್ಯವಾಗಿ ಅಕ್ಟೋಬರ್ 17ರ ಆಸುಪಾಸಿನಲ್ಲೇ. ಆ ದೃಶ್ಯ ಈಗ ನಾಟಕದ ನಡುಮಧ್ಯಕ್ಕೆ ಬಂದಿದೆ. ಒಂದು ಹೆಸರು ಸೇರಿಸಿದ ಕೂಡಲೇ ಬಿಟ್ಟುಹೋದ ಹೆಸರುಗಳು ಸಾಲುಗಟ್ಟುತ್ತವೆ ಎಂಬುದನ್ನು ಚೌಧರಿಯವರಷ್ಟು ಚುರುಕಾಗಿ ಅವತ್ತು ಬೇರೆ ಯಾರೂ ತೋರಿಸಲಿಲ್ಲ ಅಂತ ನನಗನಿಸುತ್ತದೆ.

ಒಂದು ಸಂಜೆ ತಾಲೀಮು ದಾರಿ ತಪ್ಪಿತು. ತಲಕಾವೇರಿ ಮುಜರಾಯಿಗೆ ಸೇರಿದ್ದು, ತೀರ್ಥೋದ್ಭವದ ಏರ್ಪಾಡಿಗೆ ಸರ್ಕಾರವೇ ನಿಲ್ಲುತ್ತದೆ, ಮತ್ತೆ ಎಲ್ಲಿಯ ಜಾತ್ಯತೀತ ಅಂತ ಒಬ್ಬರು ತೆಗೆದರು. ನಮ್ಮ ಸಂವಿಧಾನ ದೇವಸ್ಥಾನಕ್ಕೆ ಬೆನ್ನು ಹಾಕಿ ನಿಂತದ್ದಲ್ಲ ಅಂತ 25ನೇ ವಿಧಿ ಓದಿದೆ: ಧರ್ಮಕ್ಕೆ ಅಂಟಿಕೊಂಡ ಹಣಕಾಸಿನಂಥ ಲೌಕಿಕ ವ್ಯವಹಾರವನ್ನು ಸರ್ಕಾರ ನಿಯಂತ್ರಿಸಬಹುದು. 290ಎ ವಿಧಿಯಂತೂ ಕೇರಳದ ಬೊಕ್ಕಸದಿಂದ ದೇವಸ್ಥಾನಗಳಿಗಾಗಿ ಇರುವ ತಿರುವಾಂಕೂರು ದೇವಸ್ವಂ ನಿಧಿಗೆ ವರ್ಷಕ್ಕೆ 46.5 ಲಕ್ಷ ರೂಪಾಯಿ ಕೊಡಿ ಎನ್ನುತ್ತದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. 25ರ ವಿವರಣೆಯಲ್ಲಿ ಸಿಖ್ಖರ ಕಿರ್ಪಾನ್ ಇದೆ ಅಂದದ್ದೇ ತಡ, ಮಾತು ಕೋವಿಗೆ ಹೊರಳಿತು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯ ಅಧಿಸೂಚನೆಯಿಂದ ಬಂದದ್ದು, 2029ರವರೆಗೆ. ಅದಕ್ಕೆ ಧರ್ಮದ ಆಧಾರವೂ ಇಲ್ಲ. ಆದರೂ ಕೊಡಗಿನಲ್ಲಿ ಕೋವಿಯ ಮಾತು ಶುರುವಾದ ಮೇಲೆ ತಾಲೀಮು ಎಲ್ಲಿಂದ ನಡೆಯಬೇಕು?

ಆಗಸ್ಟ್

ಮತದ ದೃಶ್ಯ. ಪರ 41, ವಿರೋಧ 68. ಕೊಡಗಿನಿಂದ ಆ ಸಭೆಯಲ್ಲಿದ್ದವರು ಸಿ.ಎಂ. ಪೂಣಚ್ಚ, ಮುಂದೆ ಕೊಡಗು ರಾಜ್ಯದ ಮುಖ್ಯಮಂತ್ರಿಯಾದವರು. "ಅವರ ಕೈ ಯಾವ ಕಡೆ ಎತ್ತಿಸುತ್ತೀರಿ?" ಅಂತ ಸಿಕ್ಕವರೆಲ್ಲ ಕೇಳುತ್ತಾರೆ. ಕೈಯೆತ್ತಿಸಿ ಎಣಿಸಿದ ಮತ ಅದು. ಲೆಕ್ಕ ಇದೆ, ಹೆಸರಿಲ್ಲ. ಹಾಗಾಗಿ ಪೂಣಚ್ಚರನ್ನು ವೇದಿಕೆಗೆ ತರುತ್ತಿಲ್ಲ.

ಅದೇ ದಿನ ಬ್ರಜೇಶ್ವರ ಪ್ರಸಾದ್ ಪ್ರಸ್ತಾವನೆಯಲ್ಲಿ ಸೆಕ್ಯುಲರ್ ಎಂಬ ಪದ ಇರಲಿ ಎಂದು ತಂದ ತಿದ್ದುಪಡಿಯೂ ಬಿದ್ದುಹೋಯಿತು. ನಾಟಕ ಉದ್ದವಾಯಿತು, ಇದನ್ನು ತೆಗೆಯಿರಿ ಎಂದವರ ಮಾತನ್ನು ನಾನು ಒಪ್ಪಲಿಲ್ಲ. ದೇವರು ಸೋತದ್ದನ್ನು ಒಂದು ಕಡೆಯವರು ಹೇಳುತ್ತಾರೆ, ಆ ಪದ ಸೋತದ್ದನ್ನು ಇನ್ನೊಂದು ಕಡೆಯವರು. ಎರಡೂ ಒಂದೇ ದಿನ, ಒಂದೇ ಸಭೆಯಲ್ಲಿ ಆದದ್ದು. ಪ್ರೇಕ್ಷಕರು ಎರಡನ್ನೂ ನೋಡಲಿ. ಆ ಪದ ಪ್ರಸ್ತಾವನೆಗೆ ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿಯಿಂದ. ಅದನ್ನು ತೆಗೆಯಬೇಕೆಂಬ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ವಜಾ ಮಾಡಿತು. ಇದಿಷ್ಟನ್ನೂ ಕೊನೆಯಲ್ಲಿ ಸೂತ್ರಧಾರ ಎರಡೇ ಮಾತಲ್ಲಿ ಹೇಳಿ ಮುಗಿಸುತ್ತಾನೆ.

ಪ್ರೇಕ್ಷಕರಿಂದಲೂ ಕೈ ಎತ್ತಿಸೋಣ ಎಂದು ಹುಡುಗರಿಗೆ ಆಸೆ. ಮಜಾ ಬರುತ್ತದೆ, ನಿಜ. ಆದರೆ ವಿರಾಜಪೇಟೆಯ ಚರ್ಚಿಗೆ ಹೋಗುವವರು, ಎಮ್ಮೆಮಾಡು ಉರುಸಿಗೆ ಹೋಗುವವರು, ಇಗ್ಗುತಪ್ಪನ ಭಕ್ತರು ಒಂದೇ ಬೆಂಚಿನಲ್ಲಿ ಕೂತಿರುವಾಗ ಪಕ್ಕದವನ ಕೈ ಎಲ್ಲಿದೆ ಅಂತ ನೋಡದೆ ಯಾರೂ ಎತ್ತುವುದಿಲ್ಲ. ಪೂರ್ಣಿಮಾ ಬ್ಯಾನರ್ಜಿ ಹೇಳಿದ ಮುಜುಗರ ಇದೇ. ಕೈಬಿಟ್ಟೆವು. ಹುಡುಗರು ಇನ್ನೂ ಮುನಿಸಿಕೊಂಡಿದ್ದಾರೆ.

ಪ್ರದರ್ಶನ ನವೆಂಬರ್ 26ಕ್ಕೆ, ಶಾಲೆಯ ಹಾಲ್‌ನಲ್ಲಿ. ಅರೇಬಿಕಾ ಕಾಫಿ ಕೊಯ್ಲು ಶುರುವಾದವರು ಸಂಜೆ ಆರರ ಮೇಲೆ ಬಂದರೂ ಆಯಿತು. ಅಧ್ಯಕ್ಷರ ಕುರ್ಚಿಯ ರಾಜೇಂದ್ರ ಪ್ರಸಾದರ ಪಾತ್ರಕ್ಕೆ ಇನ್ನೂ ಜನ ಸಿಕ್ಕಿಲ್ಲ. ಮೀಸೆ ಬೇಕು, ಮಾತು ಕಡಿಮೆ, ಕಾಮತರನ್ನು ಕೂರಿಸುವ ತಾಳ್ಮೆ ಇರಬೇಕು. ಭಾನುವಾರ ಮಧ್ಯಾಹ್ನ ತಾಲೀಮಿಗೆ ಬನ್ನಿ, ಛತ್ರಿ ತನ್ನಿ.