ಟಿಕ್ ಎಂದಿತು, ನೀರು ಬರಲಿಲ್ಲ

ಕರೆಂಟ್ ಹೋಗಿ ತಂಪು ನೀರಿನ ಪಂಪ್ ನಿಂತರೂ ಇಂಡಕ್ಷನ್ ಫರ್ನೇಸಿನೊಳಗಿನ, ಅಂದರೆ ಕರೆಂಟಿನಿಂದ ಲೋಹ ಕರಗಿಸುವ ಕುಲುಮೆಯೊಳಗಿನ, 1,450 ಡಿಗ್ರಿಯ ಕಬ್ಬಿಣ ಆರುವುದಿಲ್ಲ. ಸುತ್ತಲಿನ ತಾಮ್ರದ ಸುರುಳಿಯಲ್ಲಿ ನಿಂತ ನೀರು ಆವಿಯಾಗತೊಡಗುತ್ತದೆ. ಅದಕ್ಕೆಂದೇ ಮೇಲೊಂದು ಎಮರ್ಜೆನ್ಸಿ ಟ್ಯಾಂಕ್, ಅದರ ಲೈನಿನಲ್ಲಿ ಎನ್‌ಒ (ನಾರ್ಮಲಿ ಓಪನ್) ಸೊಲೆನಾಯ್ಡ್ ವಾಲ್ವ್: ಕರೆಂಟ್ ಹರಿಯುವ ಕಾಯಿಲಿನ ಬಲದಿಂದ ಮುಚ್ಚಿರುತ್ತದೆ, ಕರೆಂಟ್ ಹೋದೊಡನೆ ತಾನೇ ತೆರೆಯಬೇಕು.

ಬೆಳಗಾವಿಯ ನಮ್ಮ ಫೌಂಡ್ರಿಯಲ್ಲಿ (ಎರಕದ ಕಾರ್ಖಾನೆಯಲ್ಲಿ) ಹಳೆಯದು ಸೋರುತ್ತಿತ್ತೆಂದು ಹೊಸ ವಾಲ್ವ್ ಹಾಕಿಸಿದ್ದೆವು. ಪರೀಕ್ಷೆಗೆಂದು ಅದರ ಕರೆಂಟಿನ ಪ್ಲಗ್ ಕಿತ್ತಾಗ ಟಿಕ್ ಎಂದಿತು, ಚೆಕ್‌ಲಿಸ್ಟಿಗೆ ಸಹಿ ಬಿತ್ತು.

ಆಮೇಲೊಂದು ರಾತ್ರಿ ಪಾಳಿಯಲ್ಲಿ ಕರೆಂಟ್ ಹೋಯಿತು. ಆಗಲೂ ಟಿಕ್ ಎಂದಿತು. "ಸಾಹೇಬರೇ, ಡ್ರೇನಿನಲ್ಲಿ ನೀರೇ ಇಲ್ಲ" ಎಂದು ಫಿಟರ್ ಟಾರ್ಚ್ ಹಿಡಿದು ಕೂಗಿದ. ವಾಲ್ವಿನ ಕಾಯಿಲ್ ಸುಟ್ಟಿರಬೇಕು ಎಂದ ಎಲೆಕ್ಟ್ರಿಷಿಯನ್. ಅವನಿಗೆ ಯಾವಾಗಲೂ ಕಾಯಿಲೇ ಸುಟ್ಟಿರುತ್ತದೆ. ಕರೆಂಟಿಲ್ಲದೆ ತೆರೆಯಬೇಕಾದ ವಾಲ್ವಿಗೆ ಕಾಯಿಲ್ ಇದ್ದರೇನು, ಸುಟ್ಟರೇನು? ನಾನು ಕಸ ಸಿಕ್ಕಿದೆಯೆಂದು ಸ್ಪ್ಯಾನರಿನಿಂದ ವಾಲ್ವಿನ ಮೈಗೆ ಬಡಿಯುತ್ತ ನಿಂತೆ. ಅಷ್ಟರಲ್ಲಿ ಡ್ರೇನ್ ಪೈಪು ಬುಸುಗುಟ್ಟಿ ಆವಿ ಉಗುಳಿತು. ಆ ವಾಲ್ವನ್ನು ಬಳಸಿ ಹೋಗುವ ಬೈಪಾಸ್ ಪೈಪಿನ ಹ್ಯಾಂಡ್ ವಾಲ್ವ್ ತುಕ್ಕು ಹಿಡಿದು ಕೂತಿತ್ತು. ಪೈಪ್ ರೆಂಚಿನ ಹಿಡಿಗೆ ಉದ್ದನೆಯ ಪೈಪು ತೂರಿಸಿ ಇಬ್ಬರು ಜೋತುಬಿದ್ದ ಮೇಲೆ ಕಿರ್ರೆಂದು ತಿರುಗಿತು. ಮೊದಲು ಕೆಂಪು ರಾಡಿ, ಆಮೇಲೆ ಕೈಯಿಡಲಾಗದಷ್ಟು ಬಿಸಿನೀರು, ಕೊನೆಗೆ ಸರಿಯಾದ ಧಾರೆ.

ಬೆಳಗಾದ ಮೇಲೆ ವಾಲ್ವಿನ ಮೇಲಿನ ಪಟ್ಟಿ ಓದಿದೆವು: 0.5–10 ಬಾರ್, ಅಂದರೆ ಕೆಲಸ ಮಾಡಲು ಕನಿಷ್ಠ 0.5 ಬಾರ್ ನೀರಿನ ಒತ್ತಡ ಬೇಕು. ಪೈಲಟ್ ಮಾದರಿಯದು. ಅದರಲ್ಲಿ ಪ್ಲಂಜರ್ (ಕಾಯಿಲಿನೊಳಗೆ ಜಾರುವ ಸಣ್ಣ ಕಡ್ಡಿ) ತೆರೆಯುವುದು ಒಂದು ಸಣ್ಣ ರಂಧ್ರವನ್ನಷ್ಟೇ; ಮುಖ್ಯ ದಾರಿ ಮುಚ್ಚಿರುವ ಡಯಾಫ್ರಮ್ ಎಂಬ ಪೊರೆಯನ್ನು ಎತ್ತಬೇಕಾದದ್ದು ನೀರಿನದೇ ಒತ್ತಡ. ನಮ್ಮ ಟ್ಯಾಂಕ್ ನಾಲ್ಕು ಮೀಟರ್ ಎತ್ತರದಲ್ಲಿದೆ, ಅಂದರೆ ತುಂಬಿದ್ದರೂ 0.4 ಬಾರ್ ಆಸುಪಾಸು. ಹಳೆಯದು ಸೊನ್ನೆ ಒತ್ತಡದಲ್ಲೂ ತೆರೆಯುವ ಜಾತಿಯದು. ಟಿಕ್ ಎಂದದ್ದು ಪ್ಲಂಜರ್. ನೀರಿನ ಸಂಗತಿ ಅದು ಹೇಳಿರಲೇ ಇಲ್ಲ.

ಪರ್ಚೇಸಿನವರನ್ನು ಬೈಯಲು ಹೋದರೆ ಅವರು ನಾವೇ ಕಳಿಸಿದ ಇಂಡೆಂಟ್ (ಬೇಡಿಕೆ ಪಟ್ಟಿ) ತೋರಿಸಿದರು: ಎರಡು ಇಂಚು, 230 ವೋಲ್ಟ್, ಎನ್‌ಒ. ಕಂಪ್ಯೂಟರಿನ ಆ ಫಾರಮ್ಮಿನಲ್ಲಿ ಬಣ್ಣಕ್ಕೆ ಕಾಲಂ ಇದೆ, ಕನಿಷ್ಠ ಒತ್ತಡಕ್ಕೆ ಇಲ್ಲ. ಈಗ ಷರಾದಲ್ಲಿ ಬರೆಯುತ್ತೇವೆ, ಯಾರಾದರೂ ಓದಿದರೆ ಪುಣ್ಯ.

ತಪಾಸಣೆಯೂ ಬದಲಾಗಿದೆ. ಪಂಪ್ ನಿಲ್ಲಿಸಿ, ಡ್ರೇನಿನ ಕೆಳಗೆ ಬಕೆಟ್ ಇಟ್ಟು, ಎಷ್ಟು ಹೊತ್ತಿನಲ್ಲಿ ತುಂಬುತ್ತದೆಂದು ನೋಡುತ್ತೇವೆ. ಇದಕ್ಕೆ ಫರ್ನೇಸ್ ಖಾಲಿಯಿರಬೇಕು. ಖಾಲಿಯಿರುವ ಹೊತ್ತನ್ನು ಪ್ರೊಡಕ್ಷನ್ ಮ್ಯಾನೇಜರ್ ಕೊಡಬೇಕು. ಈ ತಿಂಗಳದ್ದು ಇನ್ನೂ ಕೊಟ್ಟಿಲ್ಲ.