ಹಿಂಜಾರಿದವರನ್ನು ದೇವರು ಸೇರಿಸಿಕೊಳ್ಳುತ್ತಾನೆಯೇ?

ಸಭೆಯನ್ನು ಬಿಟ್ಟುಹೋಗಿ ವರ್ಷಗಳಾದವರನ್ನು ದೇವರು ಮತ್ತೆ ಸೇರಿಸಿಕೊಳ್ಳುತ್ತಾನೆಯೇ ಎಂದು, ಮುಂಬಯಿಯ ನಮ್ಮ ಕನ್ನಡ ಸಭೆಯಲ್ಲಿ ಆರಾಧನೆ ಮುಗಿದು ಚಹಾ ಕೈಗೆ ಬರುವಷ್ಟರಲ್ಲಿ ಯಾರಾದರೊಬ್ಬರು ನನ್ನನ್ನು ಕೇಳಿಯೇ ಕೇಳುತ್ತಾರೆ. ಸೇರಿಸಿಕೊಳ್ಳುತ್ತಾನೆ. ಇದನ್ನು ಸುತ್ತಿಬಳಸಿ ಹೇಳುವ ತಾಳ್ಮೆ ನನಗಿಲ್ಲ. ಕೇಳುವವರಲ್ಲಿ ಬಹಳ ಮಂದಿಗೆ ಬೇಕಾಗಿರುವುದು ಮತ್ತೊಬ್ಬರ ಮಗನ ಮೇಲೆ ಒಂದು ತೀರ್ಪು.

ಯೇಸುವನ್ನು ಬಂಧಿಸಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತ ನಿಂತು, ತಾನು ಯೇಸುವಿನ ಶಿಷ್ಯನೇ ಅಲ್ಲವೆಂದು ಅವನ ಆಪ್ತ ಶಿಷ್ಯನಾದ ಪೇತ್ರನು ಹೇಳಿದನು. ಮುಂದೆ ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ ಅವನು ಮೀನು ಹಿಡಿಯುತ್ತಿದ್ದಾಗ ಯೇಸುವೇ ದಡಕ್ಕೆ ಬಂದು, ಇದ್ದಲಿನ ಬೆಂಕಿಯ ಮೇಲೆ ಮೀನು ಸಿದ್ಧಮಾಡಿ, ಊಟಕ್ಕೆ ಕರೆದು, ಊಟವಾದ ಮೇಲೆಯೇ ಮಾತು ತೆಗೆದನು. ಏಕೆ ಅಲ್ಲಗಳೆದೆ ಎಂದು ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಾರಿ ಕೇಳಿ, ತನ್ನ ಕುರಿಗಳನ್ನು, ಅಂದರೆ ತನ್ನನ್ನು ನಂಬಿದವರನ್ನು, ಆ ಮನುಷ್ಯನ ಕೈಗೇ ಒಪ್ಪಿಸಿದನು.

ಇಷ್ಟು ಹೇಳಿದೊಡನೆ ಯಾರಾದರೂ ಇಬ್ರಿಯರಿಗೆ ಬರೆದ ಪತ್ರದ 6ನೆಯ ಅಧ್ಯಾಯವನ್ನು ತೆಗೆಯುತ್ತಾರೆ. ಬಿದ್ದುಹೋದವರನ್ನು ಮಾನಸಾಂತರಕ್ಕೆ ತರುವುದು ಅಸಾಧ್ಯವೆನ್ನುವ ಆ ಮಾತು ನಿಜವಾಗಿಯೂ ಕಠಿಣವಾದದ್ದು, ಅದನ್ನು ನಾನು ತೇಲಿಸಿಬಿಡುವುದಿಲ್ಲ. ಆದರೆ ಅದೇ ಅಧ್ಯಾಯದ 9ನೆಯ ವಚನದಲ್ಲಿ ಲೇಖಕನು ಓದುಗರನ್ನು ಪ್ರಿಯರೇ ಎಂದು ಕರೆದು, ಅವರಲ್ಲಿ ಇದಕ್ಕಿಂತ ಉತ್ತಮವಾದದ್ದನ್ನು ಕಾಣುತ್ತೇನೆನ್ನುತ್ತಾನೆ. ಅಲ್ಲಿಯವರೆಗೆ ಯಾರೂ ಓದುವುದಿಲ್ಲ. ಬಿಷಪರು ಕೂಡಿ ನಿಯಮಗಳನ್ನು ಮಾಡಿದ 325ರ ನಿಕೇಯ ಸಭೆಯು, ಕ್ರೈಸ್ತರನ್ನು ಹಿಂಸಿಸಿದ ರೋಮನ್ ಚಕ್ರವರ್ತಿ ಲಿಕಿನಿಯಸ್‌ನ ಕಾಲದಲ್ಲಿ ಬಲಾತ್ಕಾರವಿಲ್ಲದೆಯೇ ನಂಬಿಕೆ ಬಿಟ್ಟವರಿಗೆ ಹನ್ನೆರಡು ವರ್ಷಗಳ ಪ್ರಾಯಶ್ಚಿತ್ತವನ್ನು ವಿಧಿಸಿತು. ಆ ಕಟ್ಟುನಿಟ್ಟಿನ ಸಭೆಯೂ ಸಾಯುವ ಹೊತ್ತಿನಲ್ಲಿ ಬೇಡಿದವನಿಗೆ ಪ್ರಭುಭೋಜನವನ್ನು ನಿರಾಕರಿಸಕೂಡದೆಂದು ತನ್ನ 13ನೆಯ ನಿಯಮದಲ್ಲಿ ಬರೆದಿಟ್ಟಿತು.

ನನ್ನನ್ನು ಯಾರಾದರೂ ಕೇಳಬೇಕೆಂದು ನಾನು ಬಯಸುವ ಪ್ರಶ್ನೆಯನ್ನು, ದಾದರಿನಿಂದ ಕಲ್ಯಾಣದ ಕಡೆಗೆ ಹೋಗುವ ಲೋಕಲ್‌ಗಾಗಿ ಕಾಯುತ್ತಿದ್ದ ಗದಗಿನ ಕಡೆಯ ತಾಯಿಯೊಬ್ಬರು ಒಮ್ಮೆ ಕೇಳಿದರು. ಅವರ ಮಗ ಪುಣೆಯಲ್ಲಿ ಕೆಲಸಕ್ಕಿದ್ದಾನೆ. ಬಹಳ ಕಾಲದ ಮೇಲೆ ಅವನು ಒಂದು ಭಾನುವಾರ ತಾಯಿಯ ಜೊತೆ ಆರಾಧನೆಗೆ ಬಂದಾಗ, ಇಷ್ಟು ದಿನ ಎಲ್ಲಿದ್ದೆ, ಬೈಬಲ್ ಓದುತ್ತೀಯೋ ಇಲ್ಲವೋ, ಮದುವೆಯನ್ನಾದರೂ ನಮ್ಮವರಲ್ಲಿ ಆಗುತ್ತೀಯಾ ಎಂದು ಸಭೆಯವರು ಬಾಗಿಲಲ್ಲೇ ತಡೆದು ವಿಚಾರಿಸಿದರು. ಆಮೇಲೆ ಅವನು ಬರಲಿಲ್ಲ. "ದೇವ್ರು ಅವನ್ನ ಬಿಡಂಗಿಲ್ಲ, ಅದು ನನಗ ಗೊತ್ತೈತಿ ಬ್ರದರ್. ಅವ ಮತ್ತೊಮ್ಮೆ ಬಂದ್ರ ನಮ್ಮ ಮಂದಿ ಅವನ್ನ ಹೆಂಗ ಮಾತಾಡಸ್ತಾರ?" ಎಂದರು ಆ ತಾಯಿ.

ಬಂದವನಿಗೆ ಪಕ್ಕದಲ್ಲಿ ಜಾಗ ಬಿಡಬೇಕು, ಗೀತೆಯ ಪುಸ್ತಕವನ್ನು ಕೈಗೆ ಕೊಡಬೇಕು, ಮಧ್ಯಾಹ್ನದ ಊಟಕ್ಕೆ ಮನೆಗೆ ಕರೆಯಬೇಕು, ಹೋದ ವರ್ಷಗಳ ಲೆಕ್ಕವನ್ನು ಅವನಾಗಿಯೇ ತೆಗೆಯುವವರೆಗೆ ಸುಮ್ಮನಿರಬೇಕು. ಇಷ್ಟಕ್ಕೂ ಒಪ್ಪದವರು ದೇವರು ಅವನನ್ನು ಸೇರಿಸಿಕೊಳ್ಳುತ್ತಾನೆಯೇ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ.